ಮರುದಿವಸದ ಅಡಿಗೆ: ಕುಂಭೋಜದ ಮಗಳು ಲಕ್ಷ್ಮೀಬಾಯಿಯವರ ನೆನಪು



ಸಪ್ಟೆಂಬರ್ 22 ಬಂತೆಂದರೆ ನಮ್ಮ ಕಡೆಯ ಊರುಗಳಲ್ಲಿ ಬೆಳಿಗ್ಗೆಯೇ ಲೇಜಿಮಿನ ಸಪ್ಪಳ ಕೇಳಿಸುತ್ತದೆ. ಅಂದು ಕರ್ಮವೀರ ಭಾವೂರಾವ ಪಾಟೀಲರ ಜಯಂತಿ. ರಯತ ಶಿಕ್ಷಣ ಸಂಸ್ಥೆಯ ಶಾಲೆ ಇರುವಲ್ಲೆಲ್ಲ ಮೆರವಣಿಗೆ ಹೊರಡುತ್ತದೆ. ಒಬ್ಬ ಹುಡುಗನಿಗೆ ಹತ್ತಿಯ ಬಿಳಿ ಗಡ್ಡ ಅಂಟಿಸಿ, ಹೆಗಲಿಗೆ ಕಂಬಳಿ ಹಾಕಿ, ಕೈಗೊಂದು ಕೋಲು ಕೊಟ್ಟರೆ ಆತನೇ ಆ ದಿನದ 'ಅಣ್ಣ'. ಅವನ ಪಕ್ಕದಲ್ಲಿ ಒಂಬತ್ತು ವಾರಿ ಸೀರೆ ಉಟ್ಟ ಒಬ್ಬ ಹುಡುಗಿ. ಸಂಜೆಯ ನಾಟಕದಲ್ಲಿ ಆಕೆಗೆ ಇರುವುದು ಒಂದೇ ಕೆಲಸ. ಕೊರಳಿನ ಮಂಗಳಸೂತ್ರ ಬಿಚ್ಚಿ ಕೊಡಬೇಕು. ಜನ ಚಪ್ಪಾಳೆ ತಟ್ಟುತ್ತಾರೆ, ಕೆಲವು ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಹುಡುಗಿ ಪರದೆಯ ಹಿಂದೆ ಹೋಗುತ್ತಾಳೆ. ನಾಟಕ ಮುಂದುವರಿಯುತ್ತದೆ.

ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಆದರೆ ಪ್ರತಿ ಸಲವೂ ನಮಗೆ ನಮ್ಮ ಹುಪರಿಯ ಅಜ್ಜಿ ನೆನಪಾಗುತ್ತಾಳೆ. ಆಕೆ ಈ ಕಥೆಯನ್ನು ಹೇಳುತ್ತಿದ್ದ ರೀತಿಯೇ ಬೇರೆ.

ಹುಪರಿ ಬೆಳ್ಳಿಯ ಊರು. ಶಾಹೂ ಮಹಾರಾಜರ ಕಾಲದಿಂದ, ಅಂದರೆ ಇಪ್ಪತ್ತನೆಯ ಶತಮಾನದ ಆರಂಭದಿಂದ, ಇಲ್ಲಿ ಬೆಳ್ಳಿಯ ಕೆಲಸ ಬೆಳೆದು ಬಂದಿದೆ. ಇಲ್ಲಿಯ ಕಾಲುಚೈನು, ಗೆಜ್ಜೆ ದೇಶದ ಯಾವ ಮೂಲೆಯ ಪೇಟೆಗಾದರೂ ಹೋಗುತ್ತವೆ. ಅಂಗಡಿಯ ಗಾಜಿನ ಹಿಂದೆ ಹೊಳೆಯುವ ಚೈನಿನ ಕೊಂಡಿಗಳನ್ನು ಜೋಡಿಸಿದವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ಅಡಿಗೆ ಮುಗಿಸಿ, ಪಡಸಾಲೆಯಲ್ಲಿ ಬೆಳಕು ಬೀಳುವ ಕಡೆ ಕುಳಿತು, ಚಿಮಟಿಗೆ ಹಿಡಿದು ಕೊಂಡಿಗೆ ಕೊಂಡಿ ಸೇರಿಸುವ ಕೆಲಸ. ಮಜೂರಿ ತೂಕದ ಲೆಕ್ಕದಲ್ಲಿ. ನಮ್ಮ ಅಜ್ಜಿಯೂ ಅದನ್ನೇ ಮಾಡುತ್ತಿದ್ದಳು. ನಾವು ಮೊಮ್ಮಕ್ಕಳು ಸುತ್ತ ಕುಳಿತಿರುತ್ತಿದ್ದೆವು, ಕೆಳಗೆ ಬಿದ್ದ ಕೊಂಡಿ ಹುಡುಕಿ ಕೊಡುವುದು ನಮ್ಮ ಪಾಲಿನ ಕೆಲಸ. ಕಥೆ ಅದಕ್ಕೆ ಕೂಲಿ!

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಅಂಗಡಿಯಲ್ಲಿ ಎರಡೂ. ಹುಪರಿಯಿಂದ ದೂಧಗಂಗೆಯ ಕಡೆ ಸ್ವಲ್ಪ ನಡೆದರೆ ಕರ್ನಾಟಕ ಬರುತ್ತದೆ. ಮಾಂಗೂರು, ಕಾರದಗಾ, ಬೋರಗಾಂವ, ಭೋಜ, ಇವೆಲ್ಲ ನಮ್ಮ ಬೀಗರ ಊರುಗಳು. ಹಾಗಾಗಿ ಅಜ್ಜಿ ಕುಂಭೋಜದ ಲಕ್ಷ್ಮೀಬಾಯಿಯವರ ಕಥೆ ಹೇಳುವಾಗ ಅದು ಯಾವುದೋ ದೊಡ್ಡವರ ಚರಿತ್ರೆಯಾಗಿ ಕೇಳಿಸುತ್ತಲೇ ಇರಲಿಲ್ಲ. ಹುಪರಿ, ಕುಂಭೋಜ ಎರಡೂ ಹಾತಕಣಂಗಲೆ ತಾಲೂಕಿನವು. "ನಮ್ಮ ತಾಲೂಕಿನ ಮಗಳು" ಎಂದೇ ಆಕೆ ಸುರು ಮಾಡುತ್ತಿದ್ದಳು. ಲಕ್ಷ್ಮೀಬಾಯಿಯವರನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ. ಆದರೂ ಅವರು ನಮ್ಮ ಮನೆಯ ಹಿರಿಯರಲ್ಲಿ ಒಬ್ಬರು ಎಂಬಂತೆ ಮಾತು. ಮಂಗಳಸೂತ್ರ ಮಾರಿದ ಭಾಗ ಬಂದಾಗ ನಾವು ಉಸಿರು ಬಿಗಿಹಿಡಿದರೆ ಅಜ್ಜಿಯ ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಕೊಂಡಿಯ ಮೇಲಿನ ಕಣ್ಣು ಎತ್ತದೆಯೇ ಹೇಳುತ್ತಿದ್ದಳು:

"ಎಲ್ಲಾರೂ ತಾಳಿ ಮಾರಿದ ಕಥೀನ ಹೇಳ್ತಾರ. ಆ ರೊಕ್ಕ ಎಷ್ಟ ದಿವಸ ಬಂದೀತು? ಮರುದಿವಸ ಅಡಗಿ ಯಾರ್ ಮಾಡಿದ್ರು, ಅದನ್ ಹೇಳ್ರಿ."

ನಾವು ಮಾಸ್ತರರಾದ ಮೇಲೆ, ಮಕ್ಕಳಿಗೆ ಇತಿಹಾಸ ಹೇಳುವ ಹೊಣೆ ಬಂದ ಮೇಲೆ, ಈ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನ ಮಾಡುತ್ತಲೇ ಇದ್ದೇವೆ. ಈ ಬರಹವೂ ಅದೇ.

ಕರ್ನಾಟಕದ ಪಠ್ಯ ಓದಿದವರಿಗೆ ಭಾವೂರಾವ ಪಾಟೀಲರ ಹೆಸರು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ, ಅವರಿಗಾಗಿ ಎರಡು ಮಾತು. 1887ರ ಸಪ್ಟೆಂಬರ್ 22ರಂದು ಕುಂಭೋಜದಲ್ಲಿ ಒಂದು ಜೈನ ಮನೆತನದಲ್ಲಿ ಹುಟ್ಟಿದರು. ಅವರ ಸ್ವಂತ ಊರು ಈಗಿನ ಸಾಂಗಲಿ ಜಿಲ್ಲೆಯ ಐತವಡೆ ಬುದ್ರುಕ. ತಂದೆಯ ಹೆಸರು ಪಾಯಗೊಂಡ. ಈ 'ಗೊಂಡ' ಎಂಬುದರ ಬಗ್ಗೆ ನಮ್ಮ ಮಕ್ಕಳಿಗೆ ತಪ್ಪದೆ ಹೇಳುತ್ತೇವೆ. ಕೊಲ್ಹಾಪುರ, ಸಾಂಗಲಿ ಕಡೆಯ ಜೈನರ ಮನೆಗಳಲ್ಲಿ ಪಾಯಗೊಂಡ, ದೇವಗೊಂಡ, ಬಾಳಗೊಂಡ ಎಂಬ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಅದು ಬೇರೇನಲ್ಲ, ಶಾಸನಗಳ 'ಗಾವುಂಡ', ನಮ್ಮ ಇಂದಿನ 'ಗೌಡ'. ಭಾವೂರಾವರ ಹಿರಿಯರು ಮೂಡಬಿದಿರೆಯ ಕಡೆಯಿಂದ ಬಂದವರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮಾತು ಮರಾಠಿಯಾದರೂ ಹೆಸರಿನಲ್ಲಿ ಕನ್ನಡ ಉಳಿದುಕೊಂಡಿತು. ಇದು ಹೆಮ್ಮೆ ಪಡಲಿಕ್ಕೆ ಹೇಳಿದ ಮಾತಲ್ಲ, ಗಡಿ ಎಂಬ ಗೆರೆ ಮನೆತನಗಳ ನಡುವೆ ಎಷ್ಟು ತಡವಾಗಿ ಬಂತು ಎಂಬುದಕ್ಕೆ ಹೇಳಿದ್ದು.

ಶಿಷ್ಯರು ಅವರನ್ನು 'ಅಣ್ಣಾ' ಎಂದು ಕರೆದರು. ಅಣ್ಣನ ಹೆಂಡತಿ 'ವಹಿನಿ'. ಧಾರವಾಡ, ಬೆಳಗಾವಿ ಕಡೆಯ ಕನ್ನಡದ ಮನೆಗಳಲ್ಲಿ ಅತ್ತಿಗೆಗೆ 'ವೈನಿ' ಎನ್ನುತ್ತೇವಲ್ಲ, ಅದೇ ಶಬ್ದ. ಕನ್ನಡದ ಅಣ್ಣ ಮರಾಠಿಗೆ ಹೋದ, ಮರಾಠಿಯ ವಹಿನಿ ಕನ್ನಡಕ್ಕೆ ಬಂದಳು. ಒಳ್ಳೆಯ ಬೀಗತನ! ಇಂದು ಸಂಸ್ಥೆಯವರು ಲಕ್ಷ್ಮೀಬಾಯಿಯವರನ್ನು 'ರಯತ ಮಾವುಲಿ', ಅಂದರೆ ರಯತದ ತಾಯಿ, ಎಂದು ಗೌರವದಿಂದ ಬರೆಯುತ್ತಾರೆ. ನಮಗೇಕೋ ಅಜ್ಜಿಯ ಬಾಯಿಯ 'ವೈನಿ'ಯೇ ಹೆಚ್ಚು ಹತ್ತಿರ. ತಾಯಿ ಎಂದರೆ ಎಲ್ಲ ಮಾಡುವುದು ಸಹಜ ಎಂದುಬಿಡುತ್ತೇವೆ. ವೈನಿ ಹಾಗಲ್ಲ, ಬೇರೆ ಮನೆಯಿಂದ ಬಂದವಳು, ಬಂದ ಮನೆಯ ಭಾರ ಹೊತ್ತವಳು.

ಹಾಗಾದರೆ ಆಕೆ ಬಂದು ಸೇರಿದ್ದು ಎಂಥ ಮನೆ?

ಲಕ್ಷ್ಮೀಬಾಯಿ ಕುಂಭೋಜದ ಪಾಟೀಲ ಮನೆತನದ ಮಗಳು. ಉಂಡು ಉಟ್ಟು ಸುಖವಾಗಿದ್ದ ಸಂಪ್ರದಾಯಸ್ಥ ಮನೆ. ಕೈಹಿಡಿದ ಗಂಡನೋ, ವಿದ್ಯಾರ್ಥಿಯಾಗಿದ್ದಾಗಲೇ ವಸತಿಗೃಹದಿಂದ ಹೊರಹಾಕಿಸಿಕೊಂಡವರು. ಆ ಸಂಗತಿ ಪ್ರಸಿದ್ಧವಾಗಿದೆ. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದುಕೊಂಡು ರಾಜಾರಾಮ ಹೈಸ್ಕೂಲಿಗೆ ಹೋಗುತ್ತಿದ್ದ ಭಾವೂರಾವ, ಅಸ್ಪೃಶ್ಯ ಮಕ್ಕಳಿಗಾಗಿ ಶಾಹೂ ಮಹಾರಾಜರ ಆಶ್ರಯದಲ್ಲಿ 1908ರಲ್ಲಿ ತೆರೆದ ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದರು. ಬಂದವರು ಮಡಿಯ ಸ್ನಾನ ಮಾಡಲು ಒಪ್ಪಲಿಲ್ಲ. ಬೋರ್ಡಿಂಗಿನ ಬಾಗಿಲು ಮುಚ್ಚಿತು. ಆಗ ಆ ಬೋರ್ಡಿಂಗನ್ನು ನೋಡಿಕೊಳ್ಳುತ್ತಿದ್ದವರು ಕುರುಂದವಾಡದ ಅಣ್ಣಾಸಾಹೇಬ ಲಠ್ಠೆ. ಮುಂದೆ ಕೊಲ್ಹಾಪುರದ ದಿವಾನರೂ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಗಳೂ ಆದ ದೊಡ್ಡ ಮನುಷ್ಯರು.

ವಿಚಿತ್ರ ನೋಡಿ, ಇದೇ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ಹೇಳಬೇಕೆಂದು ಕೆಲವು ವರ್ಷಗಳ ನಂತರ ಭಾವೂರಾವರ ಮೇಲೆ ಒತ್ತಡ ಬಂತು. 1914ರ ಡಾಂಬರು ಪ್ರಕರಣ ಎಂದು ನಮ್ಮ ಕಡೆ ಅದು ಹೆಸರಾಗಿದೆ. ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪುತ್ಥಳಿಗೆ ಯಾರೋ ಡಾಂಬರು ಬಳಿದರು. ಭಾವೂರಾವ ಸಾಕ್ಷಿ ಹೇಳಲಿಲ್ಲ, ಜೈಲು ಸೇರಿದರು. ಹಿಂಸೆ ತಾಳಲಾರದೆ ಪ್ರಾಣ ಕಳೆದುಕೊಳ್ಳಲೂ ಹೊರಟಿದ್ದರು. ತನ್ನನ್ನು ಹೊರಹಾಕಿದವರಿಗೆ ವಿರುದ್ಧವಾಗಿಯೂ ಸುಳ್ಳು ಹೇಳೆನೆಂಬ ಹಟ. ಇದನ್ನು ಗಂಡಸಿನ ಸತ್ಯನಿಷ್ಠೆ ಎಂದು ನಾವು ಪಾಠ ಮಾಡುತ್ತೇವೆ, ಸರಿಯೇ. ಆದರೆ ಆ ದಿನಗಳಲ್ಲಿ ಪಾಟೀಲ ಮನೆತನದ ಆ ಹೆಣ್ಣುಮಗಳಿಗೆ ಊರಿನವರ ಮುಂದೆ ಮುಖವೆತ್ತಿ ನಡೆಯುವುದು ಎಷ್ಟು ಕಷ್ಟವಾಗಿದ್ದೀತು? ಗಂಡ ಜೈಲಿನಲ್ಲಿರುವ ಹೆಂಡತಿಗೆ ಅಂದಿನ ಹಳ್ಳಿ ಏನು ಅನ್ನುತ್ತಿತ್ತು ಎಂಬುದನ್ನು ನಮ್ಮ ಹಿರಿಯರು ಬಲ್ಲರು.

ಬಿಡುಗಡೆಯಾದ ಮೇಲೆ ಒಂದಾದ ಮೇಲೊಂದು ಉದ್ಯೋಗ. ಓಗಲೆಯವರ ಗಾಜಿನ ಕಾರಖಾನೆಯ ಪ್ರತಿನಿಧಿ. ನಂತರ ಕಿರ್ಲೋಸ್ಕರರ ನೇಗಿಲು ಮಾರುವವರು. (ಆ ಕಿರ್ಲೋಸ್ಕರರು ನಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಸುರು ಮಾಡಿ ಕುಂಡಲದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದವರು.) ಆಮೇಲೆ ಸಾತಾರೆಯಲ್ಲಿ ಕೂಪರ್ ಅವರ ಕಾರಖಾನೆ ಕಟ್ಟುವಲ್ಲಿ ಕೈಜೋಡಣೆ. ಕಬ್ಬಿಣದ ನೇಗಿಲು ಮಾರಲು ಹಳ್ಳಿಹಳ್ಳಿ ತಿರುಗುವಾಗಲೇ ಅವರಿಗೆ ಕಂಡದ್ದು ರೈತನ ಮನೆಯಲ್ಲಿ ಅಕ್ಷರವಿಲ್ಲ ಎಂಬುದು. 1919ರ ಅಕ್ಟೋಬರ್ 4ರಂದು ಕರಾಡ ತಾಲೂಕಿನ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಕೂಪರ್ ಅವರ ಕೆಲಸವನ್ನೂ ಬಿಟ್ಟರು. ಸಂಬಳ ತರುತ್ತಿದ್ದ ಗಂಡ ಒಂದು ದಿನ ಸಂಬಳವಿಲ್ಲದೆ ಮನೆಗೆ ಬಂದರು, ಜೊತೆಗೆ ಬಂದದ್ದು ಊರೂರಿನ ಹುಡುಗರು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಂದಿನ ಮಕ್ಕಳಿಗೆ ಇದು ಹೊಳೆಯುವುದೇ ಇಲ್ಲ. ಅಂದಿನ ಕಾಲದಲ್ಲಿ ಹಳ್ಳಿಯ ಹುಡುಗ ಏಕೆ ಓದಲಿಲ್ಲ ಎಂದು ಕೇಳಿದರೆ 'ಶಾಲೆ ಇರಲಿಲ್ಲ' ಎನ್ನುತ್ತಾರೆ. ಅದು ಅರ್ಧ ಉತ್ತರ. ಪೇಟೆಯಲ್ಲಿ ಶಾಲೆ ಇತ್ತು, ಊಟ ಇರಲಿಲ್ಲ! ಕೆಲವು ಜಾತಿಯ ಬಡ ಹುಡುಗರಿಗೆ ವಾರಾನ್ನದ ಅನುಕೂಲವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದಿ ದೊಡ್ಡವರಾದವರ ಚರಿತ್ರೆಗಳನ್ನು ನಾವೆಲ್ಲ ಓದಿದ್ದೇವೆ. ರೈತನ, ಕುರುಬನ, ಹೊಲೆಯನ, ಮಾದಿಗನ ಮಗನಿಗೆ ಪೇಟೆಯಲ್ಲಿ ವಾರ ಕೊಡುವ ಮನೆ ಎಲ್ಲಿತ್ತು? ಶಾಹೂ ಮಹಾರಾಜರು ಇದನ್ನು ಚೆನ್ನಾಗಿ ತಿಳಿದಿದ್ದರು. ಅದಕ್ಕೇ 1901ರಿಂದ ಕೊಲ್ಹಾಪುರದಲ್ಲಿ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರಿಗೆ ಒಂದೊಂದು ಬೋರ್ಡಿಂಗ್ ಎದ್ದು ನಿಂತಿತು. 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರು. ನಮ್ಮ ಹುಪರಿಯೂ ಆ ಸಂಸ್ಥಾನದ್ದೇ.

ಕೊಲ್ಹಾಪುರದಲ್ಲಿ ಜಾತಿಗೊಂದು ಒಲೆ ಹತ್ತಿತು. ಭಾವೂರಾವರು ಮುಂದಿಟ್ಟ ಹೆಜ್ಜೆ ಎಂದರೆ ಎಲ್ಲ ಜಾತಿಗೂ ಒಂದೇ ಒಲೆ. 1924ರಲ್ಲಿ ಸಂಸ್ಥೆ ಸಾತಾರೆಗೆ ಬಂತು, ಅಲ್ಲಿಯ ವಸತಿಗೃಹದಲ್ಲಿ ಮಹಾರರ ಹುಡುಗ, ಮರಾಠರ ಹುಡುಗ, ಜೈನರ ಹುಡುಗ, ಮುಸಲ್ಮಾನರ ಹುಡುಗ ಒಂದೇ ಪಂಕ್ತಿಯಲ್ಲಿ ಕುಳಿತರು. ಇದನ್ನು ಭಾಷಣದಲ್ಲಿ ಹೇಳುವುದು ಸುಲಭ. ಆದರೆ ಒಲೆ ಹತ್ತಿಸಬೇಕಾದವರು ಯಾರು?

ಜೈನರ ಅಡಿಗೆಮನೆಯ ನೇಮ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿದೆ. ನೀರು ಸೋಸಿಯೇ ಕುಡಿಯಬೇಕು, ಹೊತ್ತು ಮುಳುಗುವ ಮೊದಲೇ ಉಣ್ಣಬೇಕು, ನೆಲದೊಳಗೆ ಬೆಳೆದ ಗಡ್ಡೆ ವರ್ಜ್ಯ. ಅದರ ಮೇಲೆ ಮಡಿಮೈಲಿಗೆಯ ಕಟ್ಟು. ಇಂಥ ಮನೆಯಲ್ಲಿ ಬೆಳೆದ ಹೆಣ್ಣುಮಗಳಿಗೆ ಧರ್ಮವೆಂದರೆ ಗುಡಿಗಿಂತ ಹೆಚ್ಚಾಗಿ ಅಡಿಗೆಮನೆಯೇ. ಭಾವೂರಾವರು ಮಡಿಯ ಸ್ನಾನ ಬೇಡವೆಂದಾಗ ಬಿಟ್ಟದ್ದು ಒಂದು ಬೋರ್ಡಿಂಗನ್ನು. ಅವರಿಗೆ ಶಾಹೂ ಮಹಾರಾಜರ ಆಶ್ರಯ ಸಿಕ್ಕಿತು. ಲಕ್ಷ್ಮೀಬಾಯಿ ಯಾರೂ ನೋಡದ ಅಡಿಗೆಮನೆಯೊಳಗೆ, ಹುಟ್ಟಿನಿಂದ ಕೈಗೆ ಹತ್ತಿದ ರೂಢಿಯನ್ನು ದಿನಾಲೂ ಬಿಡುತ್ತ ಹೋದರು. ಒಮ್ಮೆ ಬಿಟ್ಟರೆ ಮುಗಿಯುವಂಥದ್ದಲ್ಲ ಅದು, ಪ್ರತಿ ಊಟಕ್ಕೂ ಮತ್ತೆ ಬಿಡಬೇಕು. ಇಬ್ಬರಲ್ಲಿ ಯಾರ ಹೆಜ್ಜೆ ಕಠಿಣವೆಂದು ಯಾರಾದರೂ ನಮ್ಮನ್ನು ಕೇಳಿದರೆ ನಮ್ಮ ಮತ ವೈನಿಯ ಕಡೆಗೇ.

ಒಮ್ಮೆ ತರಗತಿಯಲ್ಲಿ ನಾವು ಇದನ್ನು ಗಣಿತದ ಲೆಕ್ಕವಾಗಿ ಕೊಟ್ಟೆವು. ವಸತಿಗೃಹದಲ್ಲಿ ಇಪ್ಪತ್ತು ಹುಡುಗರಿದ್ದಾರೆ ಎಂದುಕೊಳ್ಳಿ. ಬೆಳೆಯುವ ಹುಡುಗರು. ಒಬ್ಬನಿಗೆ ಒಂದು ಹೊತ್ತಿಗೆ ಮೂರು ಜೋಳದ ರೊಟ್ಟಿ. ಎರಡು ಹೊತ್ತಿಗೆ ಎಷ್ಟಾಯಿತು? 120. ಒಂದು ರೊಟ್ಟಿ ಬಡಿದು ಬೇಯಿಸಲು ಎರಡು ನಿಮಿಷ ಹಿಡಿದರೆ ಎಷ್ಟು ತಾಸು? ನಾಲ್ಕು. ಪಲ್ಯ, ಬೇಳೆ, ನೀರು ತರುವುದು, ಪಾತ್ರೆ, ಬೀಸುವ ಕಲ್ಲು ಇವೆಲ್ಲ ಬೇರೆ. ಹುಡುಗರು ಬೀಸಲಿಕ್ಕೂ ದುಡಿಯಲಿಕ್ಕೂ ಹೆಗಲು ಕೊಡುತ್ತಿದ್ದರು, ದುಡಿದು ಕಲಿಯುವುದೇ ಅಣ್ಣಾ ಅವರ ಪದ್ಧತಿ. ಆದರೂ ನಾಲ್ಕು ತಾಸು ಹೊಗೆಯ ಮುಂದೆ! ಲೆಕ್ಕ ಮುಗಿಸಿದ ಹುಡುಗಿಯೊಬ್ಬಳು ಎದ್ದು ಹೇಳಿದಳು, "ಗುರುಗಳೇ, ನಮ್ಮವ್ವ ಹನ್ನೆರಡು ರೊಟ್ಟಿ ಮಾಡಿದರ ನಡಾ ನೋಯ್ತೈತಿ ಅಂತಾಳ." ನಮ್ಮ ಅಜ್ಜಿಯ ಪ್ರಶ್ನೆಗೆ ಅಷ್ಟು ನೇರವಾದ ಉತ್ತರ ಬೇರೆಲ್ಲೂ ನಮಗೆ ಸಿಕ್ಕಿಲ್ಲ.

ಅಡಿಗೆ ಒಂದೇ ಅಲ್ಲ. ಹಳ್ಳಿಯಿಂದ ಬಂದ ಹುಡುಗನಿಗೆ ಜ್ವರ ಬಂದರೆ ಹತ್ತಿರ ಕುಳಿತುಕೊಳ್ಳುವವರು ಯಾರು? ರಾತ್ರಿ ಅವ್ವನ ನೆನಪಾಗಿ ಅತ್ತರೆ? ಅಣ್ಣಾ ಊರೂರು ತಿರುಗುವವರು. ಧಾನ್ಯ ಬೇಡಬೇಕು, ಹಣ ಬೇಡಬೇಕು, ಹೊಸ ಹುಡುಗರನ್ನು ಹುಡುಕಿ ತರಬೇಕು. ಮನೆಯಲ್ಲಿ ಇದ್ದವರು ವೈನಿ. ಆಕೆಯನ್ನು ನೆನೆಯುವವರೆಲ್ಲ ಒಕ್ಕೊರಲಿನಿಂದ ಹೇಳುವುದು ಒಂದೇ ಮಾತು, ತನ್ನ ಮಕ್ಕಳು, ಪರರ ಮಕ್ಕಳು ಎಂಬ ಭೇದ ಆ ಮನೆಯಲ್ಲಿ ಇರಲಿಲ್ಲ.

ಇನ್ನು ಬಂಗಾರದ ಮಾತಿಗೆ ಬರೋಣ. ಸಂಸ್ಥೆಗೆ ಆಗ ಸರಕಾರದ ದೊಡ್ಡ ಅನುದಾನವೂ ಇಲ್ಲ, ಸಾಹುಕಾರರ ದೇಣಿಗೆಯೂ ಇಲ್ಲ. ಹುಡುಗರ ಸಂಖ್ಯೆ ಮಾತ್ರ ಏರುತ್ತಿತ್ತು. ಖರ್ಚು ಮೇಲೆ ಬಂದಾಗಲೆಲ್ಲ ಲಕ್ಷ್ಮೀಬಾಯಿಯವರ ಮೈಮೇಲಿನ ಒಡವೆಗಳು ಒಂದೊಂದಾಗಿ ಪೇಟೆಗೆ ಹೋದವು. ಕೊನೆಗೆ ಉಳಿದದ್ದು ಮಂಗಳಸೂತ್ರ. ಹುಡುಗರಿಗೆ ಕಾಳು ಇಲ್ಲದ ಒಂದು ದಿನ ಅದನ್ನೂ ಕೊಟ್ಟರು. ಇಷ್ಟೇ ಕಥೆ. ಹೇಳುವವರು ತಮ್ಮತಮ್ಮ ಬಣ್ಣ ಹಚ್ಚುತ್ತಾರೆ, ತಿರುಳು ಇಷ್ಟೇ.

ಹುಪರಿಯವರಾದ ನಮಗೆ ಇದರಲ್ಲಿ ಬೇರೆಯವರಿಗೆ ಕಾಣದ ಒಂದೆರಡು ಸಂಗತಿ ಕಾಣುತ್ತವೆ. ಒಡವೆ ಕೊಳ್ಳುವಾಗ ಕೊಟ್ಟ ಮಜೂರಿ ಮಾರುವಾಗ ತಿರುಗಿ ಬರುವುದಿಲ್ಲ. ಬೆಸುಗೆಯ ಪಾಲು ಕಳೆಯುತ್ತಾರೆ, ಸವೆದದ್ದನ್ನು ಕಳೆಯುತ್ತಾರೆ, ಕರಗಿಸುವಾಗಿನ ನಷ್ಟ ಕಳೆಯುತ್ತಾರೆ. ಅವಸರದಲ್ಲಿ ಬಂದವರ ಅವಸರಕ್ಕೂ ಒಂದು ಬೆಲೆ ಕಟ್ಟುತ್ತಾರೆ. ಅಂದಿನ ಹೆಣ್ಣುಮಗಳಿಗೆ ಹೊಲದಲ್ಲಿ ಹೆಸರಿರಲಿಲ್ಲ, ಮನೆಯಲ್ಲಿ ಪಾಲಿರಲಿಲ್ಲ, ಬ್ಯಾಂಕಿನ ಪುಸ್ತಕ ಕೇಳುವುದೇ ಬೇಡ. ತವರಿನಿಂದ ಬಂದ ಬಂಗಾರವೊಂದೇ ಆಕೆಯದು ಎನ್ನಬಹುದಾದ ಆಸ್ತಿ. ಗಂಡ ಕೈಬಿಟ್ಟರೆ, ಸತ್ತರೆ, ಬರಗಾಲ ಬಿದ್ದರೆ ಅದೇ ಆಸರೆ. ಲಕ್ಷ್ಮೀಬಾಯಿ ಕರಗಿಸಿದ್ದು ಆ ಆಸರೆಯನ್ನು. ಮೇಲಾಗಿ ಗಂಡ ಬದುಕಿರುವಾಗ ತಾಳಿ ತೆಗೆಯುವುದು ಎಂಥ ಅಶುಭವೆಂದು ನಂಬಿದ ಕಾಲ! ನೆರೆಹೊರೆಯವರ ನಾಲಿಗೆಗೆ ಹೆದರದೆ ಬರಿಯ ಕೊರಳಲ್ಲಿ ನೀರಿಗೆ ಹೋಗುವುದು ವೇದಿಕೆಯ ಮೇಲೆ ಹಾರ ಬಿಚ್ಚಿದಷ್ಟು ಸರಳವಲ್ಲ.

ಇದನ್ನು 'ತ್ಯಾಗ' ಎಂದು ಕರೆದು ಕೈಮುಗಿದುಬಿಡುವುದು ನಮಗೆ ಅಷ್ಟು ಸರಿ ಕಾಣುವುದಿಲ್ಲ. ತ್ಯಾಗ ಎಂದರೆ ಯಾವುದೋ ಭಾವನೆಯ ಭರದಲ್ಲಿ ಮಾಡಿದ್ದು ಎಂಬಂತೆ ಕೇಳಿಸುತ್ತದೆ. ಆಕೆ ಕಾಳಿನ ಡಬ್ಬಿ ನೋಡಿದಳು, ಪಂಕ್ತಿ ಎಣಿಸಿದಳು, ಕೈಯಲ್ಲಿ ಏನಿದೆ ನೋಡಿದಳು, ಲೆಕ್ಕ ಕೂಡಿಸಿದಳು. ಮನೆ ನಡೆಸುವ ಜಾಣ ಹೆಂಗಸಿನ ನಿರ್ಧಾರ ಅದು. ಇನ್ನೂ ಒಂದು ಮಾತು. ಶಾಲೆಗಳಲ್ಲಿ ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಿ, ರೂಪಾಯಿಯ ಅಂಕಿ ಸಹಿತ ಗೋಡೆಗೆ ಹಾಕುತ್ತೇವೆ. ಆ ಪದ್ಧತಿಯಂತೆ ನೋಡಿದರೆ ರಯತದ ದಾನಿಗಳ ಕಲ್ಲಿನಲ್ಲಿ ಮೊದಲ ಸಾಲು ಕುಂಭೋಜದ ಈ ಹೆಣ್ಣುಮಗಳದು. 'ಸಂಸ್ಥಾಪಕರ ಪತ್ನಿ' ಎಂದಲ್ಲ, ದಾನಿ ಎಂದು.

1927ರ ಫೆಬ್ರುವರಿ 25ರಂದು ಮಹಾತ್ಮಾ ಗಾಂಧಿಯವರು ಸಾತಾರೆಯ ವಸತಿಗೃಹಕ್ಕೆ ಬಂದರು. ಅದಕ್ಕೆ ಶ್ರೀ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂಬ ಹೆಸರಾಯಿತು. ಶಾಹೂ ಮಹಾರಾಜರು ತೀರಿಕೊಂಡು ಐದು ವರ್ಷಗಳಾಗಿದ್ದವು. ದೇಶದಲ್ಲಿ ಅಸ್ಪೃಶ್ಯತೆಯ ಬಗ್ಗೆ ಸಭೆ, ಠರಾವು, ವಾದವಿವಾದ ನಡೆದಿದ್ದ ಕಾಲವದು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಡಾ. ಅಂಬೇಡ್ಕರರು ಮಹಾಡದ ಕೆರೆಯ ನೀರು ಮುಟ್ಟಿದರು. ಊರ ಕೆರೆಯ ನೀರಿಗಾಗಿ ಸಾವಿರಾರು ಜನ ಹೋರಾಡಬೇಕಾಗಿದ್ದ ಆ ಕಾಲದಲ್ಲೇ ಸಾತಾರೆಯ ಒಂದು ಮನೆಯಲ್ಲಿ ಒಂದೇ ಕೊಡದ ನೀರು ಎಲ್ಲ ಹುಡುಗರ ಲೋಟಕ್ಕೂ ಬೀಳುತ್ತಿತ್ತು. ಈ ಎರಡನ್ನೂ ಒಟ್ಟಿಗೆ ಇಟ್ಟು ಪಾಠ ಮಾಡಿದಾಗ ಮಕ್ಕಳಿಗೆ 1927 ಎಂಬ ಇಸವಿ ಮರೆಯುವುದಿಲ್ಲ, ಇದು ನಮ್ಮ ಅನುಭವ.

1930ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು.

ಸಾತಾರೆಗೆ ಬಂದು ಕೇವಲ ಆರು ವರ್ಷ. ಆಕೆ ನೋಡದೆ ಹೋದದ್ದನ್ನು ಎಣಿಸಿದರೆ ಮನಸ್ಸು ಭಾರವಾಗುತ್ತದೆ. 1935ರ ಶಿಕ್ಷಕರ ತರಬೇತಿ ಕಾಲೇಜು ನೋಡಲಿಲ್ಲ. 1940ರ ಮಹಾರಾಜಾ ಸಯಾಜೀರಾವ ಹೈಸ್ಕೂಲು, 1947ರ ಛತ್ರಪತಿ ಶಿವಾಜಿ ಕಾಲೇಜು, 1954ರ ಕರಾಡದ ಸದ್ಗುರು ಗಾಡಗೇ ಮಹಾರಾಜ ಕಾಲೇಜು, ಯಾವುದನ್ನೂ ನೋಡಲಿಲ್ಲ. ಗಂಡನಿಗೆ 1959ರಲ್ಲಿ ಪದ್ಮಭೂಷಣ ಬಂದದ್ದನ್ನೂ ನೋಡಲಿಲ್ಲ. ಅದೇ ವರ್ಷದ ಮೇ 9ರಂದು ಅಣ್ಣಾ ಅವರೂ ಹೋದರು. ಸಂಸ್ಥೆಯ ಗುರುತು ಆಲದ ಮರ. ಇಂದು ಅದರ ಶಾಖೆಗಳು ಏಳುನೂರಕ್ಕೂ ಹೆಚ್ಚು, ಕರ್ನಾಟಕದ ನೆಲಕ್ಕೂ ಒಂದು ಬಿಳಲು ಇಳಿದಿದೆ. ಆಕೆ ಕಂಡದ್ದು ಸಸಿಯನ್ನು ಮಾತ್ರ, ನೀರೆರೆಯುವ ಕಾಲದ್ದನ್ನು. ಸೊಲ್ಲಾಪುರದ ಮಹಿಳಾ ಮಹಾವಿದ್ಯಾಲಯವೊಂದು ಇಂದು ಆಕೆಯ ಹೆಸರನ್ನು ಹೊತ್ತಿದೆ. ನಮ್ಮ ಕನ್ನಡ ಶಾಲೆಗಳ ಎಷ್ಟೋ ಹೆಣ್ಣುಮಕ್ಕಳ ನೆಂಟರಿಷ್ಟರು ಇರುವ ಊರು ಸೊಲ್ಲಾಪುರ. ಆ ಕಾಲೇಜಿನ ಫಲಕದ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಲ್ಲಿರಿ ಎಂದು ಮಕ್ಕಳಿಗೆ ಹೇಳುತ್ತಿರುತ್ತೇವೆ.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಅದೇ ಕಾಲದ ಮರಾಠಿ ನಾಡಿನಲ್ಲಿ ಇನ್ನೊಬ್ಬ ಲಕ್ಷ್ಮೀಬಾಯಿ ಇದ್ದರು, ಕವಿ ನಾರಾಯಣ ವಾಮನ ಟಿಳಕರ ಹೆಂಡತಿ. ಗಂಡ ಕ್ರೈಸ್ತ ಧರ್ಮಕ್ಕೆ ಹೋದಾಗ ಆಕೆಯೂ ಮಡಿಯ ಅಡಿಗೆಮನೆಯಿಂದ ಹೊರಗೆ ಬರುವ ಸಂಕಟ ಪಟ್ಟವರು. ಆಕೆ ಅದನ್ನೆಲ್ಲ ನಗುತ್ತ ನಗಿಸುತ್ತ 'ಸ್ಮೃತಿಚಿತ್ರೆ' ಎಂದು ಬರೆದಿಟ್ಟರು, 1934ರಿಂದ ಅದರ ಭಾಗಗಳು ಹೊರಬಂದವು. ಹಾಗಾಗಿ ಆ ಮನೆಯೊಳಗಿನ ಮಾತು ನಮಗೆ ಇಂದಿಗೂ ಕೇಳಿಸುತ್ತದೆ. ನಮ್ಮ ಕುಂಭೋಜದ ಲಕ್ಷ್ಮೀಬಾಯಿ ಮಾತ್ರ ಇತರರ ಬಾಯಿಯ ಕಥೆಯಲ್ಲೇ ಉಳಿದರು. ಆಕೆ ಉಣ್ಣಿಸಿದ ಹುಡುಗರು ಬರೆಯಲು ಕಲಿತರು, ಭಾಷಣ ಮಾಡಿದರು, ಅಧಿಕಾರಿಗಳಾದರು. ಅಣ್ಣಾ ಅವರ ಮುಖ 1988ರಲ್ಲಿ ಅಂಚೆಚೀಟಿಯ ಮೇಲೂ ಬಂತು. ವೈನಿಯ ಪಾಲಿಗೆ ಉಳಿದದ್ದು ಒಂದು ದೃಶ್ಯ.

ಅಜ್ಜಿಯ ಮಾತು ಅರ್ಧಕ್ಕೇ ಬಿಟ್ಟಿದ್ದೆವು. ಆಕೆ ತೀರಿಕೊಂಡ ಮೇಲೆ ಅವಳ ಕಬ್ಬಿಣದ ಟ್ರಂಕು ತೆರೆದೆವು. ಹಳೆಯ ಇಳಕಲ್ ಸೀರೆಯ ಮಡಿಕೆಯೊಳಗೆ ಒಂದು ಬಟ್ಟೆಯ ಗಂಟು. ಅದರೊಳಗೆ ಬೆಳ್ಳಿಯ ಒಂದೇ ಒಂದು ಕೊಂಡಿ. ಕಾಲುಚೈನಿನ ಸಣ್ಣ ಕೊಂಡಿಯಲ್ಲ, ಹೆಬ್ಬೆರಳಿನಷ್ಟು ದಪ್ಪದ್ದು, ಡಾಬಿನದು. ತಂದೆಯವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತರು. ಐವತ್ತರ ದಶಕದಲ್ಲಿ ಅವರನ್ನು ಕೊಲ್ಹಾಪುರದ ಬೋರ್ಡಿಂಗಿಗೆ ಕಳುಹಿಸಿದ ವರ್ಷ ಅಜ್ಜಿಯ ನಡುವಿನ ಡಾಬು ಕಾಣಲಿಲ್ಲವಂತೆ. ಕೇಳಿದ್ದಕ್ಕೆ "ಕೊಂಡಿ ಮುರದೈತಿ, ದುರಸ್ತಿಗಿ ಕೊಟ್ಟೇನಿ" ಎಂದಿದ್ದಳಂತೆ. ಬೆಳ್ಳಿಯ ಊರಿನಲ್ಲಿ ಡಾಬಿನ ದುರಸ್ತಿಗೆ ಎಷ್ಟು ದಿನ ಬೇಕು? ತಂದೆಯವರು ಓದಿ ಮಾಸ್ತರರಾದರು, ನಾವೂ ಆ ದಾರಿಯಲ್ಲೇ ಬಂದೆವು. ಲಕ್ಷ್ಮೀಬಾಯಿಯವರ ಕಥೆಯನ್ನು ನೂರು ಸಲ ಹೇಳಿದ ಅಜ್ಜಿ ತನ್ನ ಡಾಬಿನ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ.

ಕಳೆದ ವರ್ಷ ನಮ್ಮ ಶಾಲೆಯ ಮಕ್ಕಳು ಕನ್ನಡದಲ್ಲಿ ಇದೇ ನಾಟಕ ಆಡುತ್ತೇವೆಂದರು. ಒಪ್ಪಿದೆವು, ಒಂದು ಬದಲಾವಣೆ ಮಾತ್ರ ಮಾಡಿದೆವು. ಮಂಗಳಸೂತ್ರ ಕೊಟ್ಟ ಹುಡುಗಿ ಪರದೆಯ ಹಿಂದೆ ಹೋಗಬೇಕಾಗಿಲ್ಲ, ವೇದಿಕೆಯ ಮೂಲೆಯಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಬೇಕು ಎಂದೆವು. ನಿಜವಾದ ಹಿಟ್ಟನ್ನೇ ಕೊಟ್ಟಿದ್ದೆವು. ಗಾಂಧೀಜಿ ಬಂದು ಹೋದರು, ಹುಡುಗರು ದೊಡ್ಡವರಾದರು, ಪಾತ್ರಧಾರಿಗಳೆಲ್ಲ ಸಾಲಾಗಿ ನಿಂತು ಕೈಮುಗಿದರು. ಮೂಲೆಯಲ್ಲಿ ತಟ್ಟುವ ಸಪ್ಪಳ ನಡೆದೇ ಇತ್ತು. ಸಾಕು, ಏಳವ್ವ ಎಂದು ನಾವು ಕೆಳಗಿನಿಂದ ಕೈಸನ್ನೆ ಮಾಡಿದೆವು. ಹುಡುಗಿ ತಲೆಯೆತ್ತಿ ನೋಡಿ, "ಇನ್ನ ಎರಡು ಅದಾವ್ರೀ" ಎಂದಳು.